ತಪಸ್ಸು ಕಾಲದಲ್ಲಿ ಬೆಳಕೇ ಕಾಣದಿದ್ದಾಗ ನೀವು ಏನು ಮಾಡುತ್ತೀರಿ?

ಮಲ್ಲಿಗೆಹಿತ್ತಲು · ಮಾರ್ಚ್ 8, 2025

ಇಲ್ಲಿ ಮೂರು ವರ್ಷಗಳಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ನಮ್ಮ ಊರು ಉಡುಪಿ ಕಡೆಯ ಶಿರ್ವದ ಹತ್ತಿರ. ಹಿತ್ತಿಲಲ್ಲಿ ಮಲ್ಲಿಗೆ ಗಿಡಗಳಿವೆ, ಅದರಲ್ಲಿಯೇ ಸಂಸಾರ ನಡೆಯುತ್ತಿತ್ತು. ಅಕ್ಟೋಬರಿನಲ್ಲಿ ನಮ್ಮವರು ತೀರಿಕೊಂಡರು. ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ.

ಮೊನ್ನೆ ವಿಭೂತಿ ಬುಧವಾರ ಇಗರ್ಜಿಗೆ (ಚರ್ಚಿಗೆ) ಹೋಗಿದ್ದೆ, ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲ ಅವತ್ತೇ ಶುರು. ಬೂದಿ ಕಳೆದ ವರ್ಷದ ಗರಿಗಳನ್ನು ಸುಟ್ಟು ಮಾಡಿದ್ದು. ಅದರಲ್ಲಿ ನಮ್ಮ ಮನೆಯ ಗರಿಯೂ ಇತ್ತು. ಈಸ್ಟರಿಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರ ತಂದು ದೇವರ ಪಟದ ಹಿಂದೆ ಸಿಕ್ಕಿಸಿದವರು ಅವರು, ಈ ಸಲ ತೆಗೆದು ಇಗರ್ಜಿಗೆ ಕೊಟ್ಟು ಬಂದವಳು ನಾನು. ಧರ್ಮಗುರುಗಳು ಹಣೆಗೆ ಬೂದಿ ಹಚ್ಚಿ, ನೀನು ಮಣ್ಣು, ಮಣ್ಣಿಗೇ ಮರಳುವೆ ಎಂದರು. ಗೊತ್ತಿದೆ ಸ್ವಾಮೀ, ಐದು ತಿಂಗಳಿಂದ ಅದೊಂದನ್ನು ಬಿಟ್ಟರೆ ನನಗೆ ಬೇರೇನೂ ಗೊತ್ತಿಲ್ಲ ಎಂದು ಕೂಗಬೇಕು ಅನ್ನಿಸಿತು.

ಪ್ರಾರ್ಥನೆ ಬರುವುದಿಲ್ಲ. ಜಪಸರ ಹಿಡಿದರೆ ಎರಡನೆಯ ಹತ್ತು ಮಣಿಗಳಿಗೆ ಬರುವಾಗ ಕೈ ನಿಂತುಬಿಡುತ್ತದೆ. ಮೂರು ಗಂಟೆಗೆ ಎಚ್ಚರವಾಗುತ್ತದೆ, ಆಮೇಲೆ ನಿದ್ದೆಯಿಲ್ಲ. ಗಿಡಗಳ ಕಡೆ ನಾನು ಹೋಗಿಯೇ ಇಲ್ಲ. ಮೊಗ್ಗು ಬಿಟ್ಟು, ಅರಳಿ, ಉದುರುತ್ತಿರಬೇಕು. ಅತ್ತೆಗೆ 78 ವರ್ಷ, ಸಕ್ಕರೆ ಕಾಯಿಲೆ ಇದೆ, ಆದರೂ ಮಗನ ಆತ್ಮಕ್ಕಾಗಿ ಎಂದು ಹಟ ಹಿಡಿದು ಉಪವಾಸ ಮಾಡುತ್ತಾರೆ. ಅವರನ್ನು ನೋಡಿದರೆ ಭಯವಾಗುತ್ತದೆ.

ಬಂದವರೆಲ್ಲ, ಈಸ್ಟರ್ ಬರುತ್ತದೆ, ಬೆಳಕು ಬರುತ್ತದೆ ಎನ್ನುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ನನಗೆ ಬೇಕಾಗಿರುವುದು ನಿಜವಾಗಿ ಕತ್ತಲಲ್ಲಿ ಕೂತು ಬಂದವರ ಮಾತು. ನೀವು ಏನು ಮಾಡಿದಿರಿ?

ಹಳೆಯ ಉಪದೇಶಿ · ಮಾರ್ಚ್ 8

ಸಹೋದರಿ, ನಿಮ್ಮ ದುಃಖಕ್ಕೆ ತಲೆಬಾಗುತ್ತೇನೆ. ಆದರೂ ಒಂದು ಮಾತು ಹೇಳಬೇಕು. ತಪಸ್ಸು ಕಾಲ ನಮಗೆ ಸಮಾಧಾನ ಕೊಡಲೆಂದು ಬಂದದ್ದಲ್ಲ. ಅದು ಪಶ್ಚಾತ್ತಾಪದ ಕಾಲ. ಪ್ರಾರ್ಥನೆ, ಉಪವಾಸ, ದಾನ ಈ ಮೂರನ್ನು ಸ್ವಾಮಿ ಯೇಸು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ಹೇಳಿಕೊಟ್ಟಿದ್ದಾರೆ. ಮನಸ್ಸಿಗೆ ಏನು ಅನ್ನಿಸುತ್ತದೆ ಎನ್ನುವುದನ್ನು ಬದಿಗಿಟ್ಟು ಈ ಮೂರನ್ನು ಹಿಡಿಯಿರಿ. ಜಪಸರ ನಿಂತ ಕಡೆಯಿಂದಲೇ ಮತ್ತೆ ಮುಂದುವರಿಸಿ. ಬೆಳಕು ತಾನಾಗಿ ಬರುತ್ತದೆ.

ಇರುಳಪಾಳಿ · ಮಾರ್ಚ್ 9, ನಸುಕು

ಅಕ್ಕ, ನಾನು ಬೆಂಗಳೂರಿನಲ್ಲಿ ನರ್ಸ್. ಹದಿನಾಲ್ಕು ವರ್ಷಗಳಲ್ಲಿ ಹೆಚ್ಚಿನವು ರಾತ್ರಿ ಪಾಳಿಯಲ್ಲಿಯೇ ಕಳೆದಿವೆ.

ಮೊದಲು ಅತ್ತೆಯ ವಿಷಯ, ಅದು ತಡವಾಗಬಾರದು. ಕಥೋಲಿಕ ಧರ್ಮಸಭೆಯಲ್ಲಿ ಉಪವಾಸ ಕಡ್ಡಾಯವಾಗಿರುವುದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡು ದಿನ ಮಾತ್ರ. ಅದೂ 18 ತುಂಬಿದವರಿಗೆ, 59 ತುಂಬುವವರೆಗೆ. ಆ ದಿನಗಳಲ್ಲಿ ಸಹ ಒಂದು ಪೂರ್ಣ ಊಟ, ಎರಡು ಹೊತ್ತು ಸ್ವಲ್ಪ ಆಹಾರಕ್ಕೆ ಅವಕಾಶವಿದೆ. ಕಾಯಿಲೆಯವರಿಗೆ ಈ ಕಟ್ಟುಪಾಡು ಇಲ್ಲ. ನಿಮ್ಮ ಅತ್ತೆ 19 ವರ್ಷಗಳ ಹಿಂದೆಯೇ ಈ ನಿಯಮದಿಂದ ಹೊರಗೆ ಬಂದಿದ್ದಾರೆ. ಗುಳಿಗೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ದಿಢೀರನೆ ಇಳಿದು ಪ್ರಜ್ಞೆ ತಪ್ಪಬಹುದು. ನೀವು ಹೇಳಿದರೆ ಕೇಳಲಿಕ್ಕಿಲ್ಲ. ಧರ್ಮಗುರುಗಳಿಂದಲೇ ಹೇಳಿಸಿ, ಸ್ವಾಮಿಗಳ ಮಾತನ್ನು ಆ ಕಾಲದವರು ತೆಗೆದುಹಾಕುವುದಿಲ್ಲ.

ಇನ್ನು ಮೂರು ಗಂಟೆಯ ಎಚ್ಚರ. ವಾರ್ಡಿನಲ್ಲಿ ಮೂರರಿಂದ ನಾಲ್ಕೂವರೆಯ ತನಕದ ಹೊತ್ತು ಎಲ್ಲಕ್ಕಿಂತ ಕಷ್ಟದ್ದು. ಹಗಲಿಡೀ ಧೈರ್ಯವಾಗಿದ್ದವರು ಆಗ ಕರೆಗಂಟೆ ಒತ್ತುತ್ತಾರೆ. ಹೋಗಿ ಕೇಳಿದರೆ ಏನೂ ಬೇಡ ಎನ್ನುತ್ತಾರೆ. ಆದರೆ ಕೈ ಬಿಡುವುದಿಲ್ಲ. ಮೊದಮೊದಲು ನಾನೂ ಇನ್ನೇನು ಬೆಳಗಾಗುತ್ತದೆ ಎಂದು ಹೇಳುತ್ತಿದ್ದೆ. ನೋವಿನಲ್ಲಿರುವವರಿಗೆ ಎರಡು ಗಂಟೆ ಎಷ್ಟು ಉದ್ದ ಎಂದು ಗೊತ್ತಾದ ಮೇಲೆ ಬಿಟ್ಟುಬಿಟ್ಟೆ. ಈಗ ದಿಂಬು ಸರಿಮಾಡುತ್ತೇನೆ, ಬಾಯಿಗೆ ಒಂದು ಚಮಚ ನೀರು ಹಾಕುತ್ತೇನೆ, ಐದು ನಿಮಿಷ ಕೂರುತ್ತೇನೆ.

ಬೈಬಲಿನ 130ನೆಯ ಕೀರ್ತನೆಯಲ್ಲಿ ಬೆಳಗಾಗುವುದನ್ನೇ ಕಾಯುವ ಕಾವಲುಗಾರರ ಮಾತು ಬರುತ್ತದೆ. ಒಂದೇ ಸಾಲಿನಲ್ಲಿ ಅದನ್ನು ಎರಡು ಸಲ ಹೇಳಲಾಗಿದೆ. ಬರೆದವನು ರಾತ್ರಿ ಕಾವಲು ಕಾದವನೇ ಇರಬೇಕು ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ. ಸೂರ್ಯನನ್ನು ಮೇಲೆ ತರುವುದು ಕಾವಲುಗಾರನ ಕೆಲಸವಲ್ಲ. ಅವನು ಎದ್ದಿರಬೇಕು, ಅಷ್ಟೇ. ನೀವು ಎದ್ದಿದ್ದೀರಿ ಅಕ್ಕ. ಆ ಹೊತ್ತಿನಲ್ಲಿ ನಾನೂ ಎದ್ದಿರುತ್ತೇನೆ. ಇಲ್ಲಿ ಒಂದು ಸಾಲು ಬರೆದರೂ ಸಾಕು, ಓದುತ್ತೇನೆ.

ವೇದಿಕೆ ನಿರ್ವಾಹಕರು · ಮಾರ್ಚ್ 9

ದುಃಖ ಮತ್ತು ಖಿನ್ನತೆ ಎರಡೂ ಒಂದೇ ಅಲ್ಲ, ಆದರೆ ಒಂದರ ಜೊತೆ ಇನ್ನೊಂದು ಬರಬಹುದು. ನಿದ್ದೆ ಬಾರದಿರುವುದು, ಯಾವ ಕೆಲಸಕ್ಕೂ ಕೈ ಹೋಗದಿರುವುದು ತಿಂಗಳುಗಟ್ಟಲೆ ಮುಂದುವರಿದರೆ ವೈದ್ಯರನ್ನು ಕಾಣುವುದು ಒಳ್ಳೆಯದು. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿಯಾದರೂ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲಿ ಮಾತನಾಡುತ್ತಾರೆ. ಇದನ್ನು ಎಲ್ಲ ಓದುಗರಿಗಾಗಿಯೂ ಹಾಕುತ್ತಿದ್ದೇವೆ.

ಕಪ್ಪುಮಣ್ಣು · ಮಾರ್ಚ್ 10

ನಾನು ಹುಬ್ಬಳ್ಳಿ ಕಡೆಯವನು, ಬಾಸೆಲ್ ಮಿಷನ್ನಿನ ಕಾಲದಿಂದ ಬಂದ ಪ್ರೊಟೆಸ್ಟೆಂಟ್ ಸಭೆಯವನು. ನಮ್ಮಲ್ಲಿ ಬೂದಿ ಹಚ್ಚುವ ಪದ್ಧತಿ ಇಲ್ಲ. ಶುಭ ಶುಕ್ರವಾರದ ದಿನ ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಆರಾಧನೆ ಇರುತ್ತದೆ. ಏಪ್ರಿಲ್ ಬಿಸಿಲು, ಕಿಟಕಿಯ ಹೊರಗೆ ನೋಡಲಾಗದಷ್ಟು ಬೆಳಕು. ಒಳಗೆ ಓದುವುದು ಮಾತ್ರ ನಡುಹಗಲಿನಲ್ಲಿ ದೇಶದ ಮೇಲೆಲ್ಲ ಕತ್ತಲೆ ಕವಿದ ಆ ಮೂರು ಗಂಟೆಗಳ ಕಥೆ. ಮಗ ಅಪಘಾತದಲ್ಲಿ ಹೋದ ವರ್ಷ ನಾನು ಆ ಬೆಂಚಿನಲ್ಲಿ ಕೂತಿದ್ದೆ. ಹೊರಗೆ ಕಣ್ಣು ಕುಕ್ಕುವ ಹಗಲಿದ್ದಾಗ ಒಳಗೆ ಕತ್ತಲಿರುವುದು ಹೇಗೆ ಎಂದು ಅವತ್ತು ಯಾರೂ ನನಗೆ ವಿವರಿಸಬೇಕಾಗಿರಲಿಲ್ಲ.

ಅವತ್ತು ನಾಲ್ಕನೆಯ ಮಾತು ಬಂತು. ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ಚಿಕ್ಕಂದಿನಿಂದ ಕೇಳಿದ ಮಾತು. ಆದರೆ ಈ ಮಾತನ್ನು ದೇವರ ಮಗನೇ ಆಡಿದ್ದಾನೆ, ನಾನು ಆಡಿದರೆ ತಪ್ಪಾಗಲಾರದು ಎಂದು ಅವತ್ತು ಮೊದಲ ಬಾರಿಗೆ ಹೊಳೆಯಿತು. ಮೂರು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಅಳು ಆಗ ಹೊರಗೆ ಬಂತು. ಪಕ್ಕದಲ್ಲಿದ್ದ ಹಿರಿಯರು ಏನನ್ನೂ ಕೇಳದೆ ತಮ್ಮ ಕರವಸ್ತ್ರ ಕೊಟ್ಟರು.

ಉಪದೇಶಿಯವರೇ, ನಿಮ್ಮ ಮೇಲೆ ಗೌರವವಿದೆ, ಆದರೆ ನಿಂತ ಕಡೆಯಿಂದ ಮುಂದುವರಿಸಿ ಎನ್ನುವ ಮಾತನ್ನು ನಾನು ಒಪ್ಪಲಾರೆ. ಸಹೋದರಿ 88ನೆಯ ಕೀರ್ತನೆ ಓದಲಿ. ಬೇರೆ ಹೆಚ್ಚಿನ ಶೋಕಗೀತೆಗಳಲ್ಲಿ ಕೊನೆಗಾದರೂ ಸ್ತುತಿಯ ಒಂದು ಸಾಲು ಬರುತ್ತದೆ, ಇದರಲ್ಲಿ ಅದೂ ಇಲ್ಲ. ಹೀಬ್ರೂ ಮೂಲದಲ್ಲಿ ಅದರ ಕೊನೆಯ ಪದವೇ ಕತ್ತಲೆ. ಹಿಂದಿನವರು ಅದಕ್ಕೊಂದು ಒಳ್ಳೆಯ ಮುಕ್ತಾಯ ಹೊಲಿಯದೆ ಹಾಗೆಯೇ ಬಿಟ್ಟರು, ಪ್ರಾರ್ಥನೆಯ ಸಾಲಿನಲ್ಲಿಯೇ ಇಟ್ಟರು. ಎರಡನೆಯ ಹತ್ತಕ್ಕೆ ನಿಂತುಹೋದ ಜಪಸರವೂ ಪೂರ್ಣ ಪ್ರಾರ್ಥನೆಯೇ ಎಂದು ನಾನು ನಂಬುತ್ತೇನೆ.

ಕಡಲಾಚೆ · ಮಾರ್ಚ್ 12

ಕುವೈತಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಭಾನುವಾರ ಕೆಲಸದ ದಿನ, ಈಸ್ಟರ್ ಬೆಳಿಗ್ಗೆಯೂ ಕಚೇರಿಗೆ ಹೋಗಬೇಕು. ಈ ವರ್ಷ ರಂಜಾನ್ ಮಾರ್ಚ್ 1ಕ್ಕೆ ಶುರುವಾಯಿತು, ನಮ್ಮ ವಿಭೂತಿ ಬುಧವಾರ 5ಕ್ಕೆ ಬಂತು. ಕೋಣೆಯಲ್ಲಿ ನನ್ನ ಜೊತೆಗಿರುವವರು ಭಟ್ಕಳದವರು, ಮುಸ್ಲಿಮರು. ಹೋದ ವರ್ಷ ಅಮ್ಮ ತೀರಿಕೊಂಡಾಗ ಟಿಕೆಟ್ ಸಿಗದೆ ಮಣ್ಣಿಗೆ ಹೋಗಲು ಆಗಲಿಲ್ಲ. ಆ ವಾರ ನಾನು ಅಡುಗೆ ಮಾಡಲಿಲ್ಲ. ನಸುಕಿನಲ್ಲಿ ಅವರು ಎಬ್ಬಿಸಿ ಗಂಜಿ, ಉಪ್ಪಿನಕಾಯಿ ಮುಂದಿಟ್ಟು, ತಿಂದು ಮಲಗು ಅನ್ನುತ್ತಿದ್ದರು. ಧರ್ಮದ ಮಾತು ಒಂದೂ ಆಡಲಿಲ್ಲ.

ಪ್ರವಾದಿ ಎಲೀಯ ಮರುಭೂಮಿಯಲ್ಲಿ ಸಾಕಾಯಿತು, ನನ್ನ ಪ್ರಾಣ ತೆಗೆದುಕೋ ಎಂದು ಮಲಗಿಬಿಟ್ಟ ಕಥೆ ನೆನಪಾಗುತ್ತದೆ. ದೇವದೂತ ಬಂದು ಉಪದೇಶ ಮಾಡಲಿಲ್ಲ. ರೊಟ್ಟಿ ಸುಟ್ಟಿಟ್ಟು, ನೀರಿಟ್ಟು, ಎದ್ದು ತಿನ್ನು ಎಂದ. ಅವನು ತಿಂದು ಮತ್ತೆ ಮಲಗಿದ. ದೂತ ಎರಡನೆಯ ಸಲ ಬಂದ, ಆಗಲೂ ಅದನ್ನೇ ಹೇಳಿದ. ಆ ಊಟದ ಬಲದಿಂದ ಅವನು ನಲವತ್ತು ಹಗಲು ನಲವತ್ತು ರಾತ್ರಿ ನಡೆದ. ನಮ್ಮ ಈ ನಲವತ್ತು ದಿನಗಳ ಲೆಕ್ಕದ ಹಿಂದೆ ಆ ನಡಿಗೆಯೂ ಇದೆಯಲ್ಲ. ಅಕ್ಕ ಸರಿಯಾಗಿ ಊಟ ಮಾಡುತ್ತಿದ್ದಾರೆಯೇ?

ಮಲ್ಲಿಗೆಹಿತ್ತಲು · ಮಾರ್ಚ್ 13, ಬೆಳಿಗ್ಗೆ 3.40

ಇರುಳಪಾಳಿ ತಂಗಿ, ನಾನು ಎದ್ದಿದ್ದೇನೆ.

ಇರುಳಪಾಳಿ · ಮಾರ್ಚ್ 13, ಬೆಳಿಗ್ಗೆ 3.52

ನಾನೂ ಇದ್ದೇನೆ ಅಕ್ಕ. ಎಂಟನೆಯ ಹಾಸಿಗೆಯ ಅಜ್ಜನಿಗೆ ಈಗಷ್ಟೇ ನಿದ್ದೆ ಬಂತು.

ಹಳೆಯ ಉಪದೇಶಿ · ಮಾರ್ಚ್ 16

ಒಂದು ವಾರ ಯೋಚಿಸಿದೆ. ಸಹೋದರಿಗೆ ಮೊದಲ ದಿನ ನಾನು ಬರೆದದ್ದರಲ್ಲಿ ಅವಸರವಿತ್ತು. ಕ್ಷಮೆ ಇರಲಿ.

ಕೊರೊನಾದ ಕಾಲದಲ್ಲಿ, 2020ನೆಯ ಮಾರ್ಚ್ 27ರಂದು ಪೋಪ್ ಫ್ರಾನ್ಸಿಸ್ ಸಂತ ಪೇತ್ರರ ಚೌಕದಲ್ಲಿ ಮಳೆಯಲ್ಲಿ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿರುತ್ತೀರಿ. ಅದೂ ತಪಸ್ಸು ಕಾಲವೇ. ಅಂದು ಓದಿದ ಸುವಾರ್ತೆ ಬಿರುಗಾಳಿಯಲ್ಲಿ ಸಿಕ್ಕ ದೋಣಿಯದ್ದು, ಅದರಲ್ಲಿ ಸ್ವಾಮಿ ಯೇಸು ನಿದ್ದೆ ಮಾಡುತ್ತಿರುತ್ತಾರೆ. ಆ ಪೋಪರೇ ಈಗ ಒಂದು ತಿಂಗಳಿಂದ ರೋಮಿನ ಆಸ್ಪತ್ರೆಯಲ್ಲಿ ಉಸಿರಿಗೆ ಕಷ್ಟಪಡುತ್ತಿದ್ದಾರೆ, ಜನ ಚೌಕದಲ್ಲಿ ಸೇರಿ ಅವರಿಗಾಗಿ ಜಪಸರ ಹೇಳುತ್ತಿದ್ದಾರೆ.

ಆ ವರ್ಷ ಏಪ್ರಿಲ್ 12ಕ್ಕೆ ಈಸ್ಟರ್. ಹಿಂದಿನ ರಾತ್ರಿಯ ಜಾಗರಣೆಗೆ ನಮ್ಮ ಹಳ್ಳಿಯ ದೇವಾಲಯದಲ್ಲಿ ಇದ್ದದ್ದು ಸ್ವಾಮಿಗಳು ಮತ್ತು ನಾನು, ಇಬ್ಬರೇ. ಹೊಸ ಬೆಂಕಿ ಹೊತ್ತಿಸಿ, ಈಸ್ಟರಿನ ದೊಡ್ಡ ಪಾಸ್ಖ ಮೇಣದಬತ್ತಿಗೆ ಐದು ಧೂಪದ ಕಾಳುಗಳನ್ನು ಚುಚ್ಚಿ, ವರ್ಷದ ನಾಲ್ಕು ಅಂಕಿಗಳನ್ನು ಗುರುತು ಮಾಡಿ, ದೀಪವಿಲ್ಲದ ದೇವಾಲಯದೊಳಗೆ ನಡೆದೆವು. ಕ್ರಿಸ್ತನ ಜ್ಯೋತಿ ಎಂದು ಮೂರು ಕಡೆ ನಿಂತು ಹಾಡಬೇಕು. ಪ್ರತಿ ವರ್ಷ ಎರಡನೆಯ ಸಲ ಹಾಡುವ ಹೊತ್ತಿಗೆ ಜನ ತಮ್ಮ ಬತ್ತಿಗಳನ್ನು ಹಿಡಿದು ಮುಂದೆ ಬರುತ್ತಾರೆ. ಒಬ್ಬರಿಂದ ಒಬ್ಬರಿಗೆ ಹೋಗಿ ನೋಡನೋಡುತ್ತಿದ್ದಂತೆ ಬೆಂಚುಗಳೆಲ್ಲ ಹೊಳೆಯುತ್ತವೆ. ಅಂದು ಅದನ್ನು ಪಡೆಯಲು ಯಾರೂ ಇರಲಿಲ್ಲ. ಮೂವತ್ತೊಂದು ವರ್ಷ ಉಪದೇಶಿಯಾಗಿದ್ದೇನೆ, ಅಷ್ಟು ಕತ್ತಲನ್ನು ಅಲ್ಲಿ ನಾನು ಕಂಡಿರಲಿಲ್ಲ. ದೊಡ್ಡ ಬತ್ತಿ ಎಂದಿನಂತೆ ಉರಿಯುತ್ತಿತ್ತು, ಅದರಲ್ಲಿ ಕೊರತೆ ಇರಲಿಲ್ಲ. ಪಕ್ಕದವರ ಕೈ ಇರಲಿಲ್ಲ.

ಜಪಸರದ ಉಳಿದ ಹತ್ತುಗಳನ್ನು ನಿಮ್ಮ ಪರವಾಗಿ ನಾನು ಹೇಳುತ್ತಿದ್ದೇನೆ ಸಹೋದರಿ. ನೀವು ನಿಲ್ಲಿಸಿದಲ್ಲಿಂದ.

ಹಿನ್ನೀರು · ಮಾರ್ಚ್ 19

ಹಾಸನದವಳು ನಾನು. ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಚಿತ್ರವನ್ನು ಎಲ್ಲರೂ ನೋಡಿರುತ್ತೀರಿ. ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದು ಊರು ಖಾಲಿಯಾಯಿತು. ನನ್ನ ಅಜ್ಜಿಯ ಮದುವೆ ಆ ಚರ್ಚಿನಲ್ಲಿಯೇ ಆದದ್ದು.

ಜನ ಮಳೆಗಾಲದಲ್ಲಿ ಬಂದು, ನೀರಿನ ಮೇಲೆ ತೇಲುವಂತೆ ಕಾಣುವ ಗೋಡೆಗಳ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ನಮ್ಮ ಅಜ್ಜಿ ಹೋಗುತ್ತಿದ್ದದ್ದು ನೀರು ಇಳಿಯುವ ಬೇಸಿಗೆಯಲ್ಲಿ, ಅಂದರೆ ತಪಸ್ಸು ಕಾಲದಲ್ಲಿ. ಬಿರುಕುಬಿಟ್ಟ ಕೆಸರಿನ ಮೇಲೆ ನಡೆದುಕೊಂಡು ಒಳಗೆ ಹೋಗಬಹುದು. ಛಾವಣಿಯಿಲ್ಲ. ಬಲಿಪೀಠ ಇದ್ದ ಜಾಗದಲ್ಲಿ ಒಣಗಿದ ಹುಲ್ಲು, ಸಿಗಡಿಯ ಚಿಪ್ಪು. ಅಜ್ಜಿ ಅಲ್ಲಿ ಮೊಣಕಾಲೂರಿ, ಎಡಗಡೆಯ ಮೂರನೆಯ ಕಂಬದ ಹತ್ತಿರ ನಾವು ಕೂರುತ್ತಿದ್ದೆವು, ಅಲ್ಲಿ ನಿಮ್ಮ ತಾತ ಎಂದು ಬೊಟ್ಟು ಮಾಡುತ್ತಿದ್ದರು. ಚಿಕ್ಕವಳಾದ ನನಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಮುಂದಿನ ಮಳೆಗೆ ಮತ್ತೆ ಮುಳುಗುತ್ತದೆ ಎಂದು ಗೊತ್ತಿದ್ದೂ ಅವರು ಪ್ರತಿ ವರ್ಷ ನೆಲವನ್ನು ಸೆರಗಿನಿಂದ ಅಷ್ಟು ಗುಡಿಸಿ ಬರುತ್ತಿದ್ದರು.

ಯಾಕೆ ಇದನ್ನು ಬರೆದೆ ಎಂದು ನನಗೂ ಪೂರ್ತಿ ಗೊತ್ತಿಲ್ಲ. ಗಿಡಗಳ ಕಡೆ ಹೋಗಿಲ್ಲ ಎಂದಿರಲ್ಲ, ಅದನ್ನು ಓದಿದಾಗ ಅಜ್ಜಿಯ ಸೆರಗು ನೆನಪಾಯಿತು.

ಕಟ್ಟೆಯ ಪಕ್ಕದವಳು · ಮಾರ್ಚ್ 23

ಶಂಕರಪುರದಿಂದ ಬರೆಯುತ್ತಿದ್ದೇನೆ. ನಾವು ಮಲ್ಲಿಗೆಯವರೇ, ನಿಮ್ಮ ನೆರೆಯೂರಿನವರು. ಇಷ್ಟು ದಿನ ಓದಿ ಸುಮ್ಮನಿದ್ದೆ.

ಇವತ್ತು ತಪಸ್ಸು ಕಾಲದ ಮೂರನೆಯ ಭಾನುವಾರ. ಪೂಜೆಯಲ್ಲಿ ಓದಿದ್ದು ಹಣ್ಣು ಬಿಡದ ಅಂಜೂರದ ಮರದ ಸಾಮತಿ, ಯೇಸು ಹೇಳಿದ ದೃಷ್ಟಾಂತದ ಕಥೆ. ಮೂರು ವರ್ಷದಿಂದ ನೋಡುತ್ತಿದ್ದೇನೆ, ಕಡಿದುಹಾಕು ಎಂದು ಯಜಮಾನ ಹೇಳುತ್ತಾನೆ. ತೋಟದವನು, ಈ ಒಂದು ವರ್ಷ ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಎನ್ನುತ್ತಾನೆ. ಮುಂದೆ ಹಣ್ಣು ಬಿಟ್ಟಿತೋ ಇಲ್ಲವೋ ಎಂದು ಸುವಾರ್ತೆಯಲ್ಲಿ ಹೇಳಿಲ್ಲ. ಕಥೆ ತೋಟದವನ ಮಾತಿಗೇ ನಿಂತುಬಿಡುತ್ತದೆ. ಗಿಡ ಸಾಕಿದವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ, ನಾವು ಮಾಡುವುದೂ ಅಷ್ಟನ್ನೇ.

ಅಕ್ಕ, ಐದಾರು ತಿಂಗಳು ನೋಡದಿದ್ದರೆ ಮಲ್ಲಿಗೆ ಸಾಯುವುದಿಲ್ಲ. ಒಣ ಕಡ್ಡಿ ಸವರಬೇಕು, ಬುಡ ಬಿಡಿಸಬೇಕು, ಹಟ್ಟಿಗೊಬ್ಬರ ಮತ್ತು ನೆನೆಹಾಕಿದ ನೆಲಗಡಲೆ ಹಿಂಡಿ ಕೊಡಬೇಕು, ನೀರು ಬಿಡಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ನಿರ್ವಾಹಕರ ಮೂಲಕ ನಿಮ್ಮ ಮನೆಯ ದಾರಿ ತಿಳಿಸಿದರೆ ನಾನು ಮತ್ತು ನನ್ನ ನಾದಿನಿ ಬರುತ್ತೇವೆ. ಕತ್ತಿ ನಮ್ಮದೇ ತರುತ್ತೇವೆ. ನೀವು ಮಾತನಾಡದಿದ್ದರೂ ನಡೆಯುತ್ತದೆ.

ಮಲ್ಲಿಗೆಹಿತ್ತಲು · ಏಪ್ರಿಲ್ 2

ಅವರು ಬಂದರು. ಎರಡು ದಿನ ಇದ್ದರು. ನಾನು ಮೊದಲ ದಿನ ಮೆಟ್ಟಿಲ ಮೇಲೆ ಕೂತಿದ್ದೆ. ಎರಡನೆಯ ದಿನ ಅತ್ತೆ ಚಾ ತೆಗೆದುಕೊಂಡು ಹೋದರು, ಅವರ ಹಿಂದೆ ನಾನೂ ಹೋದೆ. ನಮ್ಮವರು ಪ್ರತಿ ಸಾಲಿನ ಕೊನೆಗೆ ತೆಂಗಿನ ಗರಟೆ ಕವುಚಿಟ್ಟು ನೀರು ಬಿಟ್ಟ ಗುರುತು ಮಾಡುತ್ತಿದ್ದರು. ಕೊನೆಯ ಎರಡು ಸಾಲುಗಳ ಗರಟೆಗಳು ಇನ್ನೂ ಅಂಗಾತವಾಗಿಯೇ ಇದ್ದವು. ಅವರು ನೀರು ಬಿಡಬೇಕು ಎಂದುಕೊಂಡು ಉಳಿಸಿದ್ದವು. ಅಲ್ಲಿ ನಾನು ತುಂಬಾ ಹೊತ್ತು ಅಳುತ್ತಾ ಕೂತೆ. ಆಮೇಲೆ ಆ ಎರಡು ಸಾಲುಗಳಿಗೆ ನೀರು ಬಿಟ್ಟೆ.

ವೈದ್ಯರನ್ನೂ ಕಂಡೆ, ಗುಳಿಗೆ ಕೊಟ್ಟಿದ್ದಾರೆ. ಧರ್ಮಗುರುಗಳು ಮನೆಗೆ ಬಂದು ಅತ್ತೆಗೆ, ಮಗನಿಗಾಗಿ ಒಂದು ಹೊತ್ತು ಬೇರೆಯವರಿಗೆ ಉಣಿಸಿ, ನಿಮ್ಮ ಊಟ ಬಿಡಬೇಡಿ ಎಂದರು. ಈಗ ಶುಕ್ರವಾರಗಳಲ್ಲಿ ವಾಳೆಯ (ಇಗರ್ಜಿಯ ನಮ್ಮ ವಠಾರದ) ಒಬ್ಬ ಒಂಟಿ ಮುದುಕರಿಗೆ ಗಂಜಿ, ಚಟ್ನಿ ನಮ್ಮ ಮನೆಯಿಂದ ಹೋಗುತ್ತದೆ.

ಬೆಳಕು ಕಂಡಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೂರು ಗಂಟೆಗೆ ಈಗಲೂ ಏಳುತ್ತೇನೆ.

ಕಪ್ಪುಮಣ್ಣು · ಏಪ್ರಿಲ್ 2

ಗರಟೆಯ ಸಾಲನ್ನು ಮನೆಯವಳಿಗೆ ಓದಿ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಮಲ್ಲಿಗೆಹಿತ್ತಲು · ಏಪ್ರಿಲ್ 19, ಪವಿತ್ರ ಶನಿವಾರ, ಸಂಜೆ

ಇವತ್ತಿನ ದಿನ ನನಗೆ ಮೊದಲಿನಿಂದಲೂ ಅರ್ಥವಾಗುತ್ತಿರಲಿಲ್ಲ. ನಿನ್ನೆ ಶಿಲುಬೆ, ನಾಳೆ ಹಬ್ಬ, ಇವತ್ತು ಹಗಲಿಡೀ ಏನೂ ಇಲ್ಲ. ಬಲಿಪೂಜೆ ಇಲ್ಲ, ಪೀಠದ ಮೇಲೆ ಬಟ್ಟೆ ಇಲ್ಲ, ಪ್ರಸಾದದ ಪೆಟ್ಟಿಗೆಯ ಬಾಗಿಲು ತೆರೆದಿದೆ, ಅದರ ಮುಂದಿನ ಕೆಂಪು ದೀಪವೂ ಆರಿದೆ. ಬೆಳಿಗ್ಗೆ ಇಗರ್ಜಿ ಗುಡಿಸಲು ಹೋದವಳು ಅಲ್ಲಿಯೇ ಒಂದು ಗಂಟೆ ಕೂತೆ. ಅಕ್ಟೋಬರಿನಿಂದ ನಾನು ಇದ್ದದ್ದು ಈ ದಿನದಲ್ಲಿಯೇ. ಇದಕ್ಕೂ ಪಂಚಾಂಗದಲ್ಲಿ ಒಂದು ಜಾಗ, ಒಂದು ಹೆಸರು ಇದೆ ಎನ್ನುವುದು ಗೊತ್ತಿದ್ದೂ ಗೊತ್ತಿರಲಿಲ್ಲ.

ನಸುಕಿನಲ್ಲಿ ಮೊಗ್ಗು ಬಿಡಿಸಿದೆ. ತಲೆಗೆ ಟಾರ್ಚ್ ಕಟ್ಟಿಕೊಂಡು, ಮೊದಲು ನಾವಿಬ್ಬರೂ ಬಿಡಿಸುತ್ತಿದ್ದ ಹಾಗೆ. ಮಾರುವ ಒಂದು ಚೆಂಡು ಹೂವಿಗೆ 800 ಮೊಗ್ಗು ಬೇಕು, ಅಷ್ಟು ಆಗಲಿಲ್ಲ. ಇದ್ದಷ್ಟನ್ನು ಕಟ್ಟಿ, ಹೂವು ಮಾರುವ ಕಟ್ಟೆಗೆ ಕಳುಹಿಸದೆ ಇಗರ್ಜಿಗೆ ಕೊಟ್ಟೆ. ಮಗ್ದಲದ ಮರಿಯ ಸಮಾಧಿಗೆ ಹೋದದ್ದು ಇನ್ನೂ ಕತ್ತಲಿರುವಾಗಲೇ ಎಂದು ಯೊವಾನ್ನನ ಸುವಾರ್ತೆಯಲ್ಲಿದೆ. ಎದುರಿಗೆ ನಿಂತವರನ್ನು ಅವಳು ಮೊದಲು ತೋಟಗಾರ ಎಂದುಕೊಂಡಳು. ಮೊಗ್ಗು ಬಿಡಿಸುವಾಗ ಆ ಮಾತು ನೆನಪಾಗಿ ಕೈ ನಡುಗಿತು. ಇದರ ಬಗ್ಗೆ ಇನ್ನೂ ಹೆಚ್ಚು ಬರೆಯಲಾರೆ.

ಮಧ್ಯಾಹ್ನ ಮೇಜಿನ ಖಾನೆಯಲ್ಲಿ ಕಳೆದ ವರ್ಷದ ಜಾಗರಣೆಯ ಎರಡು ಮೇಣದಬತ್ತಿಗಳು ಸಿಕ್ಕವು. ಒಂದು ಉದ್ದ, ಒಂದು ಗಿಡ್ಡ. ಕೈಗೆ ಮೇಣ ಬೀಳುತ್ತದೆ ಎಂದು ನಾನು ಬೇಗ ಆರಿಸಿದ್ದೆ, ಅವರು ಕೊನೆಯವರೆಗೂ ಹಿಡಿದುಕೊಂಡಿದ್ದರು. ಗಿಡ್ಡದ್ದನ್ನು ನಾನು ತೆಗೆದುಕೊಂಡಿದ್ದೇನೆ, ಉದ್ದದ್ದನ್ನು ಅತ್ತೆಗೆ ಕೊಟ್ಟಿದ್ದೇನೆ. ಉಪದೇಶಿಯವರೇ, ನಿಮ್ಮ ಕಡೆ ಇವತ್ತು ಬೆಂಚುಗಳು ತುಂಬಿರಲಿ. ತಂಗಿ, ನಿನಗೆ ಇವತ್ತೂ ರಾತ್ರಿ ಪಾಳಿಯೇ ಇರಬೇಕು.

ಅತ್ತೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಹೊರಡುತ್ತೇನೆ.